ಮೂರನೇ ಮೋಟಾರು

ಬಿದ್ದಾಗ ಸದ್ದೇ ಆಗಲಿಲ್ಲ.
ಹಿಪ್ಪುನೇರಳೆ ಸೊಪ್ಪು ಕೈಯೊಡ್ಡಿ ಹಿಡಿದುಕೊಂಡಿತು
ಹನ್ನೆರಡು ಅಡಿಯಿಂದ ಮಗ್ಗುಲಾಗಿ ಜಾರಿದ ನನ್ನ ಡ್ರೋನನ್ನು.
ಆ ತುದಿಗೆ ಅಣ್ಣ, ಈ ತುದಿಗೆ ತಮ್ಮ,
ನಡುವಿನ ಬದು ಯಾರದೆಂದು ಮೇಲಿಂದ ನೋಡಿ ಹೇಳಲು
ನನ್ನನ್ನು ಕರೆಸಿದ್ದವರು
ಒಂದೇ ಸಲಕ್ಕೆ "ಅಯ್ಯೋ" ಅಂದರು.
ಭಾಗವಾದ ಮೇಲೆ ಇಬ್ಬರೂ ಒಟ್ಟಿಗೆ ಆಡಿದ ಮಾತು
ಅದೊಂದೇ ಇರಬೇಕು.

ಹತ್ತು ಮಾರು ಹಿಂದಕ್ಕೆ ನಿಲ್ಲಿಸಿದ್ದೆ ಅವರನ್ನು,
ಮಕ್ಕಳನ್ನು ಇನ್ನೂ ಹಿಂದೆ, ಪಂಪ್‌ಸೆಟ್ಟಿನ ಗೋಡೆಯಾಚೆ.
"ಇಷ್ಟು ಚಿಕ್ಕದಕ್ಕೆ ಅಷ್ಟು ಭಯವಾ ಮುನಿಲಕ್ಷ್ಮಿ" ಎಂದು ನಕ್ಕಿದ್ದರು.
ನಗಲಿ.
ಹತ್ತಿರ ಹೋಗುವ ಮೊದಲು ಸ್ಟಿಕ್ಕು ಕೆಳಗೆಳೆದು ಹಿಡಿದೆ,
ನಾಲ್ಕೂ ನಿಂತವೇ, ಎಣಿಸಿದೆ,
ಆಮೇಲೆ ಬ್ಯಾಟರಿ ಕಿತ್ತೆ, ರಿಮೋಟು ಕೊನೆಗೆ.
ಏರುವಾಗ ಮೊದಲು ಅದೇ, ಇಳಿದಾಗ ಕೊನೆಗೂ ಅದೇ.
ಹೋರಿ ಸಾಕಿದವರಿಗೆ ಇದೇನು ಹೊಸದಲ್ಲ:
ಹಗ್ಗ ಕೈಗೆ ಬಂದ ಮೇಲಷ್ಟೇ ಗೂಟದಿಂದ ಬಿಚ್ಚುವುದು.

ರಾತ್ರಿಯೆಲ್ಲ ಅನುಮಾನ.
ದಿಕ್ಸೂಚಿ ಕೆಟ್ಟಿತೇ? ಮಾಳಿಗೆಯ ಕಬ್ಬಿಣದ ಏಣಿಯಿಂದ ದೂರ ನಿಂತು
ಗಾಳಿಯಲ್ಲಿ ಎಂಟು ಬರೆಸಿದೆ, ಮೂರು ಸಲ.
ಬ್ಯಾಟರಿ ಉಬ್ಬಿತೇ? ಗಾಜಿನ ಮೇಲೆ ಮಲಗಿಸಿದೆ, ಅಲುಗಲಿಲ್ಲ.
ರೆಕ್ಕೆ ಅದಲುಬದಲೇ? ಎರಡು ಬಲಸುತ್ತು, ಎರಡು ಎಡಸುತ್ತು,
ಬೂದು ಗೆರೆಯದು ಬೂದು ಗುರುತಿಗೆ. ಸರಿಯೇ ಇತ್ತು.
ಹೊಸ ರೆಕ್ಕೆ ಹಾಕಿದೆ. ನೆಲ ಬಿಟ್ಟು ಮೊಳವೇರಿ
ಒಂದು ಕಾಲು ಗಿಡ್ಡಾದ ಮಂಚದಂತೆ ವಾಲಿತು.
ಕಂಪನಿಗೆ ಫೋನು ಮಾಡಿದರೆ, "ಕಳಿಸಿ, ಮೂರು ವಾರ."

ಬೆಳಿಗ್ಗೆ ಶಿಡ್ಲಘಟ್ಟ. ಗೂಡಿನ ಮಾರುಕಟ್ಟೆಯ ಹಿಂದಿನ ಗಲ್ಲಿ.
ನೂಲು ಬಿಚ್ಚುವ ಯಂತ್ರಗಳಿಗೆ ಮೋಟಾರು ಕಟ್ಟುವ
ಖಾಜಾಮೊಹಿದ್ದೀನ್ ಸಾಬರ ಅಂಗಡಿ.
ಬೇಯುವ ಗೂಡಿನ ವಾಸನೆ ಅಲ್ಲಿ ಗೋಡೆಗೂ ಹತ್ತಿದೆ.
"ಮೊದ್ಲು ರೆಕ್ಕೆ ಬಿಚ್ಚಮ್ಮ" ಅಂದರು.
"ಮೇಜಿನ ಮೇಲೆ ರೆಕ್ಕೆ ಸಮೇತ ಕರೆಂಟು ಕೊಡೋರು
ಒಂದ್ಸಲ ನನ್ನ ಬೆರಳು ಎಣಿಸಲಿ."
ಅವರ ಎಡದ ತೋರುಬೆರಳು
ಉಗುರಿಗೆ ಮೊದಲೇ ಮುಗಿಯುತ್ತದೆ.

ಕಣ್ಣು ಮುಚ್ಚಿ ಒಂದೊಂದೇ ತಿರುಗಿಸಿದರು.
ಒಂದು. ಎರಡು. ನಾಲ್ಕು. ತುಪ್ಪದಲ್ಲಿ ತಿರುಗಿದ ಹಾಗೆ.
ಮೂರಕ್ಕೆ ಬಂದಾಗ ಹುಬ್ಬು ಮೇಲೆದ್ದಿತು.
"ಇಲ್ಲಿ ಯಾರೋ ಕೂತವ್ರೆ."

ಮಸೂರ, ಸೂಜಿ, ಚಿಮಟ.
ಶಾಫ್ಟಿನ ಬುಡದಿಂದ
ಇದೆಯೋ ಇಲ್ಲವೋ ಎಂಬಂತೆ
ಒಂದೆಳೆ ಎದ್ದು ಬಂತು.
ರೇಷ್ಮೆ.
ತೋಟದ್ದಲ್ಲ, ನಮ್ಮ ಮನೆಯದೇ.
ಅಮ್ಮ ನೂಲು ತೆಗೆಯುವ ಕೋಣೆಯಲ್ಲಿ, ಪೆಟ್ಟಿಗೆಗೆ ಹಾಕದೆ,
ಒಂದು ರಾತ್ರಿ, ಒಂದೇ ರಾತ್ರಿ, ಹಾಗೇ ಇಟ್ಟು ಮಲಗಿದ್ದೆ.

"ಒಂದು ಗೂಡು ಬಿಚ್ಚಿದ್ರೆ ಮುಕ್ಕಾಲು ಕಿಲೋಮೀಟರು ಬರ್ತದೆ.
ನಿಂದು ಎಷ್ಟು ದೂರ ಹೋಗ್ತದಮ್ಮ?"
"ನಾಲ್ಕು ಅಂತ ಪೆಟ್ಟಿಗೆ ಮೇಲೆ ಬರೆದಿದೆ."
"ನಿನ್ನ ಕಣ್ಣಿಗೆ?"
ಸುಮ್ಮನಾದೆ. ಮಂಜಿಲ್ಲದ ದಿನವೂ ಅರ್ಧ ದಾಟದು.
"ಹಂಗಾದ್ರೆ ಹುಳಾನೇ ಗೆದ್ದಂಗಾಯ್ತು."
ಎಳೆಯನ್ನು ಎಸೆಯಲಿಲ್ಲ ಅವರು.
ಬೆಂಕಿಕಡ್ಡಿಗೆ ಸುತ್ತಿ ಡ್ರಾಯರಿಗೆ ಹಾಕಿಕೊಂಡರು.
ನಲವತ್ತು ರೂಪಾಯಿ.

ಮತ್ತೆ ಅದೇ ತೋಟ. ನೂಲುಮನೆಯ ಹೊಗೆ ನೆಟ್ಟಗೆ ನಿಂತಿತ್ತು,
ಅಂದರೆ ಗಾಳಿಯಿಲ್ಲ.
ತಾನಾಗಿ ಮರಳುವ ಎತ್ತರವನ್ನು
ಬದಿಯ ನೀಲಗಿರಿಗಿಂತ ಇಪ್ಪತ್ತಡಿ ಮೇಲಕ್ಕಿಟ್ಟೆ.
ಕಣ್ಣು ಮುಚ್ಚಿ ತಿರುಗಿಸಿದೆ ನಾಲ್ಕನ್ನೂ,
ಮೂರನ್ನು ಎರಡು ಸಲ.
ಆಳೆತ್ತರಕ್ಕೆ ಏರಿಸಿ, ದೂರದಲ್ಲೇ ನಿಲ್ಲಿಸಿ, ಕಿವಿಗೊಟ್ಟೆ.
ಒಂದೇ ಶ್ರುತಿ.

ಚಿತ್ರವೇನೋ ಬಂತು, ಚೆನ್ನಾಗಿಯೇ ಬಂತು.
ಆದರೆ ಎರಡೂ ಕಡೆಯ ಸೊಪ್ಪು ಬೆಳೆದು
ಬದುವನ್ನೇ ಮುಚ್ಚಿಬಿಟ್ಟಿತ್ತು.
"ಸೊಪ್ಪು ಕೊಯ್ದ ಮೇಲೆ ಬಾ" ಎಂದ ಅಣ್ಣ.
"ನನ್ನ ಪಾಲಿನ ಅರ್ಧ ದುಡ್ಡು ತಗೋ" ಎಂದ ತಮ್ಮ,
"ಉಳಿದದ್ದು ಅವನದು."
ಮತ್ತೆ ಶುರುವಾಯಿತು, ಅಜ್ಜನ ಕಾಲದ ಕಲ್ಲಿನಿಂದ.

ಬ್ಯಾಟರಿ ಮೂವತ್ತಕ್ಕೆ ಇಳಿದಿತ್ತು.
ಅವರದು ಮುಗಿಯಲಿ ಎಂದು ಕಾಯದೆ
ಇಳಿಸಿಕೊಂಡೆ.